ಹಿಲ್ಲಾ ಬೆಳೆಯುವ ಜಾಗ

ಕುರ್ಕಿಲಾ
ಜುಲೈ 2, 2006

ಪ್ರೀತಿಯ ಸೈಮಿ ಅಜ್ಜಿಗೆ,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ತಪ್ಪುಗಳೂ ಬೇಕಾದಷ್ಟು ಇರುತ್ತವೆ. ಕ್ಷಮಿಸಿಬಿಡಿ. ನಮ್ಮೂರ ಶಾಲೆಯಲ್ಲಿ ಆರನೇ ತರಗತಿ ಮುಗಿಸಿದ ಮೇಲೆ ನಾನು ಮತ್ತೆ ಪೆನ್ನು ಹಿಡಿದದ್ದು ನಿಮ್ಮ ಅಡುಗೆಮನೆಯ ಮೇಜಿನ ಮುಂದೆಯೇ. ಹಾಲಿನ ಡಬ್ಬಿಯ ಮೇಲಿನ ಬರಹ ಓದಿಸಿ ಓದಿಸಿ ನೀವು ನನಗೆ ಫಿನ್ನಿಶ್ ಕಲಿಸಿದಿರಿ. ಆದ್ದರಿಂದ ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದು.

ನಿಮ್ಮ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯೇ? ಬೇಸಿಗೆ ಹಬ್ಬದ ದಿನ ನೀವು ಸೌನಾದ ಹಬೆಯಲ್ಲಿ ಮಿಂದು ಹೊರಬರುವಾಗ ಮೆಟ್ಟಿಲಿನಿಂದ ಜಾರಿ ಬಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಆಂಬುಲೆನ್ಸಿಗೆ ಹತ್ತಿಸುವಾಗ ನೀವು ನನ್ನ ಮಣಿಕಟ್ಟು ಹಿಡಿದು ಹೇಳಿದ ಮಾತೂ ಇದೆ. "ಜಾಗ ನಿಂಗೆ ಗೊತ್ತು. ಹೋಗು. ನಂಗೊಂದು ಬಕೆಟ್ ಹಿಲ್ಲಾ ಹಣ್ಣು ತುಂಬಿಡು. ಯಾರಿಗೂ ಒಂದು ಮಾತು ಆಡ್ಬೇಡ." ನಾನು ತಲೆಯಾಡಿಸಿದೆ. ನೀವು ಕಣ್ಣು ಮುಚ್ಚಿಕೊಂಡಿರಿ. ಹೋದ ವರ್ಷ ನೀವು ನನ್ನನ್ನು ಜೌಗಿಗೆ ಕರೆದುಕೊಂಡು ಹೋಗಿದ್ದಾಗ ಅದು ಬರೀ ತಿರುಗಾಟ ಎಂದುಕೊಂಡಿದ್ದೆ. ನನಗೆ ಜಾಗ ಒಪ್ಪಿಸುತ್ತಿದ್ದೀರಿ ಎಂದು ಆಗ ತಿಳಿಯಲಿಲ್ಲ.

ಕಿಟಕಿಯ ಹೂಗಿಡಗಳಿಗೆ ನೀರು ಹಾಕುತ್ತಿದ್ದೇನೆ. ನಿಮ್ಮ ಮನೆಯ ಬೀಗದ ಕೈ ನನ್ನ ಕೊರಳಲ್ಲೇ ಇದೆ. ನಾಳೆ ನಮ್ಮ ಊರಿನಿಂದ ಬುನ್ಮಾ ಚಿಕ್ಕಮ್ಮನೂ ಅವರ ಇಬ್ಬರು ಹೆಣ್ಣುಮಕ್ಕಳೂ ಬರುತ್ತಾರೆ. ಬೇಸಿಗೆ ಪೂರ್ತಿ ಕಾಡುಹಣ್ಣು ಕಿತ್ತು ಮಾರಿ, ಮಂಜು ಬೀಳುವ ಮೊದಲು ಥಾಯ್ಲೆಂಡಿಗೆ ಹಿಂತಿರುಗುತ್ತಾರೆ. ಅವರಿಗಾಗಿ ರೇಯೊ ಕೊಟ್ಟಿಗೆಯಲ್ಲಿ ಮೂರು ಮಂಚ ಹೊಡೆದಿದ್ದಾನೆ. "ಸಾಕಾ?" ಎಂದು ಕೇಳಿದ. "ಸಾಕು" ಎಂದೆ. ನಿನ್ನೆ ಇಡೀ ದಿನ ಗಂಡ ಹೆಂಡತಿ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ.

ನಿಮ್ಮ
ಚಂಪಿ


ರೊವಾನಿಯೆಮಿ, ಆಸ್ಪತ್ರೆ
ಜುಲೈ 9, 2006

ಮಗು ಚಂಪಿ,

ನಿನ್ನ ಅಕ್ಷರ ಇಲ್ಲಿನ ಡಾಕ್ಟರ ಅಕ್ಷರಕ್ಕಿಂತ ಚೆನ್ನಾಗಿದೆ. ಇನ್ನು ಆ ವಿಷಯ ಎತ್ತಬೇಡ.

ಸೊಂಟಕ್ಕೆ ಕಬ್ಬಿಣ ಹಾಕಿದ್ದಾರೆ. ಪಕ್ಕದ ಹಾಸಿಗೆಯಲ್ಲಿ ಹೆಲ್ಸಿಂಕಿಯ ಹೆಂಗಸೊಬ್ಬಳಿದ್ದಾಳೆ. ಅವಳ ಕಾಲು ಮುರಿದಿದೆ, ಬಾಯಿ ಗಟ್ಟಿಯಾಗಿದೆ. ಮಗಳ ಮದುವೆಯಿಂದ ಹಿಡಿದು ನಾಯಿಯ ಹೊಟ್ಟೆನೋವಿನ ತನಕ ಎಲ್ಲವನ್ನೂ ಕೇಳಿಸಿಕೊಂಡೆ. ನಿನ್ನ ಜೊತೆ ಸುಮ್ಮನೆ ಕೂತು ಕಾಫಿ ಕುಡಿಯುವ ಸುಖ ಏನೆಂದು ಈಗ ತಿಳಿಯುತ್ತಿದೆ.

ಪೆರ್ತಿ ಬಂದಿದ್ದ, ನನ್ನ ಗಂಡನ ಅಣ್ಣನ ಮಗ. ಕೇಕ್ ತಂದಿದ್ದ. ನಾನು ಎರಡು ತುತ್ತು ತಿನ್ನುವಷ್ಟರಲ್ಲಿ, "ಚಿಕ್ಕಮ್ಮಾ, ನಿಮಗೇನಾದ್ರೂ ಆದ್ರೆ ಆ ಜಾಗ ಯಾರಿಗೂ ಗೊತ್ತಿಲ್ದೆ ಹೋಗತ್ತಲ್ಲಾ" ಎಂದ. "ಹೌದು, ಹೋಗತ್ತೆ" ಎಂದೆ. ಉಳಿದ ಕೇಕನ್ನು ಕಟ್ಟಿಕೊಂಡು ಹೊರಟ.

ಈಗ ಸರಿಯಾಗಿ ಓದು. ಕಾರನ್ನು ಜೌಗಿನ ಹತ್ತಿರ ನಿಲ್ಲಿಸಬೇಡ. ಜಲ್ಲಿ ಗುಂಡಿಯ ಹತ್ತಿರ ಬಿಟ್ಟು ಕಾಡಿನೊಳಗಿಂದ ನಡೆದು ಹೋಗು. ಕೈಯಲ್ಲಿ ಗಾಳ ಇರಲಿ, ನೋಡಿದವರು ಮೀನಿಗೆ ಎಂದುಕೊಳ್ಳಲಿ. ಬಕೆಟ್ಟನ್ನು ಚೀಲದೊಳಗೆ ಇಡು. ಕೆಂಪಗಿರುವುದನ್ನು ಮುಟ್ಟಬೇಡ, ಈ ಹಣ್ಣು ಕೆಂಪಗಿದ್ದರೆ ಕಾಯಿ, ಹಳದಿಗೆ ತಿರುಗಿದರೆ ಹಣ್ಣು. ಎಷ್ಟು ಸಿಕ್ಕಿತು ಎಂದು ಯಾರಾದರೂ ಕೇಳಿದರೆ, ಈ ವರ್ಷ ಏನೂ ಇಲ್ಲ ಎನ್ನು. ಇದು ಸುಳ್ಳಲ್ಲ, ಕುರ್ಕಿಲಾದ ಮರ್ಯಾದೆ.

ನನ್ನ ಅತ್ತೆ ಈ ಜಾಗ ತೋರಿಸಿದ್ದು ಸಾಯುವ ಹಿಂದಿನ ಬೇಸಿಗೆಯಲ್ಲಿ. ತೋರಿಸಿದ್ದು ನನಗೆ, ತನ್ನ ಮಗನಿಗಲ್ಲ. ನಾನೂ ಅವನಿಗೆ ಹೇಳಲಿಲ್ಲ, ಕುಡಿದರೆ ಹಾಡುತ್ತಿದ್ದ. ನಿನಗೇ ಯಾಕೆ ಕೊಟ್ಟೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಆರು ವರ್ಷದಲ್ಲಿ ನೀನು ಒಂದು ಮಾತನ್ನೂ ದಂಡ ಮಾಡಿದ್ದನ್ನು ನಾನು ಕಂಡಿಲ್ಲ. ನೀನು ಕಲ್ಲಿನ ಹಾಗೆ. ನನ್ನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಚಳಿ ಶುರುವಾಗುವಷ್ಟರಲ್ಲಿ ಮನೆಗೆ ಬರುತ್ತೇನೆ. ಸೌನಾ ಕಾಯಿಸಿಡು.

ಸೈಮಿ


ಕುರ್ಕಿಲಾ
ಜುಲೈ 20, 2006

ಪ್ರೀತಿಯ ಸೈಮಿ ಅಜ್ಜಿಗೆ,

ಈ ವರ್ಷ ಎಲ್ಲ ಕಡೆ ಹಣ್ಣು ಕಡಿಮೆ. ಹೂ ಬಿಟ್ಟಿದ್ದಾಗ ಮಂಜು ಬಿದ್ದು ಸುಟ್ಟುಹೋಯಿತಂತೆ. ಚಿಕ್ಕಮ್ಮನೂ ಮಕ್ಕಳೂ ಬೆಳಿಗ್ಗೆ ಹೋದವರು ಕತ್ತಲಿಲ್ಲದ ರಾತ್ರಿಯಾದ ಮೇಲೆ ಬರುತ್ತಾರೆ. ಬಕೆಟ್ಟಿನ ತಳ ಮುಚ್ಚಿರುವುದಿಲ್ಲ. ನಿನ್ನೆ ಚಿಕ್ಕಮ್ಮ ಬೂಟು ಬಿಚ್ಚಿ ಕಾಲು ಒತ್ತಿಕೊಳ್ಳುತ್ತ, "ನಿಮ್ಮೂರಲ್ಲಿ ಸೊಳ್ಳೆ ಒಂದೇ ಈ ವರ್ಷ ಚೆನ್ನಾಗಿ ಹಣ್ಣಾಗಿರೋದು" ಎಂದು ನಗಿಸಿದರು. ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ಅತ್ತರು. ಮಕ್ಕಳಿಗೆ ತೋರಿಸಲಿಲ್ಲ. ನಾನು ಕಂಡೆ.

ನಿಮ್ಮ ಜಾಗಕ್ಕೆ ಮಂಜು ಬಿದ್ದಿಲ್ಲ. ಹೋಗಿ ನೋಡಿಬಂದೆ, ನೀವು ಹೇಳಿದ ಹಾಗೆಯೇ ಗಾಳ ಹಿಡಿದು, ಸುತ್ತಿ ಬಳಸಿ. ಪೈನ್ ಮರಗಳು ಸುತ್ತ ನಿಂತು ಕಾದಿವೆ. ಇನ್ನೂ ಕೆಂಪಗಿದೆ. ವಾರದೊಳಗೆ ಹಣ್ಣಾಗುತ್ತದೆ. ನೆಲ ಕಾಣದಷ್ಟು ಇದೆ.

ಅಜ್ಜಿ, ಒಂದು ಮಾತು ಕೇಳಲೇ? ಆ ಜಾಗಕ್ಕೆ ಒಬ್ಬರೇ ಹೋಗಬೇಕೇ? ಒಬ್ಬರಿಗಿಂತ ಹೆಚ್ಚು ಜನ ಹೋದರೆ ಏನಾಗುತ್ತದೆ?

ಚಂಪಿ


ರೊವಾನಿಯೆಮಿ
ಜುಲೈ 26, 2006

ಮಗು ಚಂಪಿ,

ಹೆದರಿದ್ದೀಯಾ? ಮೊದಲೇ ಹೇಳಬಾರದಿತ್ತೇ. ಕರಡಿ ಇದೆ, ಆದರೆ ಅದಕ್ಕೆ ನಿನಗಿಂತ ಹೆಚ್ಚು ನಾಚಿಕೆ. ಆಗಾಗ ಬಕೆಟ್ಟನ್ನು ತಟ್ಟುತ್ತಿರು, ದೂರ ಹೋಗುತ್ತದೆ. ಒಬ್ಬಳೇ ನಡೆಯಲು ಭಯವಾದರೆ ಜಲ್ಲಿ ಗುಂಡಿಯ ತನಕ ರೇಯೊನನ್ನು ಕರೆದುಕೊಂಡು ಹೋಗು. ಅವನು ಕಾರಿನಲ್ಲಿ ಪೇಪರ್ ಓದುತ್ತಿರಲಿ. ಅಲ್ಲಿಂದ ಮುಂದೆ ನೀನೊಬ್ಬಳೇ.

ನೆಲ ಕಾಣದಷ್ಟು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಕಾಗದ ದಿಂಬಿನ ಕೆಳಗಿದೆ. ಹೆಲ್ಸಿಂಕಿಯವಳು "ಲವ್ ಲೆಟರ್ರಾ?" ಎಂದು ಕೇಳಿದಳು. ಹೌದು ಎಂದೆ.

ನಿನ್ನ ಚಿಕ್ಕಮ್ಮನಿಗೆ ಹೇಳು, ಆಗಸ್ಟಿನಲ್ಲಿ ನೀಲಿ ಹಣ್ಣು ಬರುತ್ತದೆ, ಆಮೇಲೆ ಕೆಂಪು ಹಣ್ಣು. ಬೇಸಿಗೆ ಮುಗಿದಿಲ್ಲ.

ಸೈಮಿ


ಕುರ್ಕಿಲಾ
ಆಗಸ್ಟ್ 6, 2006

ಸೈಮಿ ಅಜ್ಜಿಗೆ,

ರೇಯೊ ಟ್ರಾಕ್ಟರಿನ ಬಿಡಿಭಾಗ ತರಲು ರೊವಾನಿಯೆಮಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಒಂದು ಬಕೆಟ್ ಹಿಲ್ಲಾ ಕಳಿಸಿದ್ದೇನೆ. ಬಿಸಿ ಮಾಡಿದ ಗಿಣ್ಣಿನ ತುಂಡೂ ಡಬ್ಬಿಯಲ್ಲಿದೆ. ಹಣ್ಣು ಬೇಗ ತಿಂದುಬಿಡಿ.

ಹೂಗಿಡಗಳು ಚೆನ್ನಾಗಿವೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ಚಂಪಿ


ರೊವಾನಿಯೆಮಿ
ಆಗಸ್ಟ್ 10, 2006

ನನ್ನ ಚಂಪಿ,

ಇವತ್ತಿನ ಕಾಗದ ಉದ್ದವಾಗುತ್ತದೆ, ಸಹಿಸಿಕೋ.

ರೇಯೊ ಬಕೆಟ್ಟನ್ನು ಹಾಸಿಗೆಯ ಪಕ್ಕ ಇಟ್ಟು, "ಇಗೋ" ಎಂದು, ಟೋಪಿ ತಿರುವುತ್ತ ನಿಂತ. ಆಮೇಲೆ ಹೋದ. ಒಳ್ಳೆಯ ಗಂಡ.

ನಾನು ಮೊದಲು ಮೂಸಿ ನೋಡಿದೆ. ಆಮೇಲೆ ಒಂದು ಹಣ್ಣನ್ನು ನಾಲಿಗೆಯ ಮೇಲಿಟ್ಟು ಅಂಗುಳಕ್ಕೆ ಒತ್ತಿದೆ. ಚಂಪಿ, ನನಗೆ ಅತ್ತೆಯ ಕಾಲದಿಂದ ಎಲ್ಲ ಬೇಸಿಗೆಗಳೂ ನೆನಪಾದವು. ಅಳು ಬಂತು. ಗಂಡ ಸತ್ತಾಗಲೂ ಜನರೆದುರು ಅಳದವಳು ನಾನು. ಹೆಲ್ಸಿಂಕಿಯವಳು ನರ್ಸನ್ನು ಕರೆದಳು. ನಾನು ನರ್ಸಿಗೆ, ಹೆಲ್ಸಿಂಕಿಯವಳಿಗೆ, ಅವಳನ್ನು ನೋಡಲು ಬಂದವರಿಗೆ, ಎಲ್ಲರಿಗೂ ಒಂದೊಂದು ಚಮಚ ಕೊಟ್ಟೆ. ಇದು ನನ್ನ ಜಾಗದ್ದು ಎಂದೆ. ಬೇರೆ ಜೌಗಿನ ಹಣ್ಣನ್ನೂ ಇದನ್ನೂ ಕಣ್ಣು ಕಟ್ಟಿ ಬಾಯಿಗಿಟ್ಟರೂ ಹೇಳಬಲ್ಲೆ ಎಂದೆ. ಜಂಬ ಕೊಚ್ಚಿಕೊಂಡೆ. ಜನ್ಮದಲ್ಲಿ ಒಂದು ಸಲ ಕೊಚ್ಚಿಕೊಂಡರೆ ದೇವರು ಏನೂ ಮಾಡುವುದಿಲ್ಲ.

ನಿನ್ನ ಕೈಗೆ ಕೊಟ್ಟದ್ದು ಸರಿಯಾಯಿತು. ಅತ್ತೆ ಇದ್ದಿದ್ದರೆ ಅವಳೂ ಒಪ್ಪುತ್ತಿದ್ದಳು.

ನಿನ್ನ
ಸೈಮಿ


ಕುರ್ಕಿಲಾ
ಸೆಪ್ಟೆಂಬರ್ 3, 2006

ಪ್ರೀತಿಯ ಸೈಮಿ ಅಜ್ಜಿಗೆ,

ತಡವಾಗಿ ಬರೆಯುತ್ತಿದ್ದೇನೆ. ಕೆಲಸ ಹೆಚ್ಚು ಎಂದು ಹೇಳಬಹುದು, ಆದರೆ ಅಷ್ಟೇನೂ ಇರಲಿಲ್ಲ. ಕಾಗದ ತೆಗೆದಿಟ್ಟುಕೊಂಡು ಕೂರುತ್ತಿದ್ದೆ, ಮತ್ತೆ ಎತ್ತಿಡುತ್ತಿದ್ದೆ.

ಇಲ್ಲಿ ಒಂದು ಹೊಸ ಸಂಗತಿ. ಆರು ವರ್ಷ ಅಂಚೆ ಡಬ್ಬಿಗಳ ಹತ್ತಿರ ನನ್ನನ್ನು ಕಂಡರೆ ನಿಮ್ಮ ಪಕ್ಕದ ಮನೆಯ ಇರ್ಮಾ ತನ್ನ ಡಬ್ಬಿಯೊಳಗೆ ತಲೆ ಹಾಕಿಕೊಂಡು ನಿಲ್ಲುತ್ತಿದ್ದಳಲ್ಲ. ಹೋದ ತಿಂಗಳಿನಿಂದ ದೂರದಿಂದಲೇ ಕೈ ಎತ್ತುತ್ತಾಳೆ. ಮೊನ್ನೆ, "ಬಾರೇ, ಕಾಫಿಗೆ ಇಟ್ಟಿದೀನಿ" ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಏಲಕ್ಕಿ ಬನ್ನು ಬಿಸಿಯಾಗಿತ್ತು. ಅವಳ ಗಂಡ ರೇಡಿಯೋ ಸಣ್ಣ ಮಾಡಿ ನನಗಾಗಿ ಕುರ್ಚಿ ಸರಿಸಿದ. ಅಂಗಡಿಯಲ್ಲೂ ಹಾಗೆಯೇ. ಹೆಸರು ಹಿಡಿದು ಕರೆಯುತ್ತಾರೆ. ಸೌನಾಕ್ಕೆ ಬಾ ಎನ್ನುತ್ತಾರೆ.

ನಾನು ಹೋಗುತ್ತೇನೆ. ಅದಕ್ಕೇ ನಾಚಿಕೆಯಾಗುತ್ತದೆ.

ಚಿಕ್ಕಮ್ಮನೂ ಮಕ್ಕಳೂ ಈ ತಿಂಗಳ ಕೊನೆಗೆ ಹೊರಡುತ್ತಾರೆ.

ಚಂಪಿ


ರೊವಾನಿಯೆಮಿ
ಸೆಪ್ಟೆಂಬರ್ 12, 2006

ಮಗು ಚಂಪಿ,

ಇರ್ಮಾ ಕಾಫಿಗೆ ಕರೆದಳೇ? ಬಿಸಿ ಬನ್ನೇ? ನಾನು ಆ ಮನೆಯ ಪಕ್ಕದಲ್ಲಿ ಐವತ್ತು ವರ್ಷ ಇದ್ದೆ, ನನಗೆ ಯಾವಾಗಲೂ ಹಿಂದಿನ ದಿನದ ಬನ್ನೇ ಸಿಗುತ್ತಿತ್ತು. ಏನಾಗಿದೆ ಊರಿಗೆ? ರೇಯೊನಿಗೆ ಏನಾದರೂ ಕಾಯಿಲೆಯೇ? ನೀನು ಬಸುರಿಯೇ? ನಮ್ಮವರು ಸಾವು ಅಥವಾ ಹುಟ್ಟು ಇಲ್ಲದೆ ಯಾರಿಗೂ ಕುರ್ಚಿ ಸರಿಸುವುದಿಲ್ಲ.

ಬಸುರಿಯಾದರೆ ಹೇಳು. ಉಣ್ಣೆ ದಾರ ತರಿಸಿಕೊಳ್ಳುತ್ತೇನೆ.

ನಾಚಿಕೆ ಯಾಕೆ? ಕಾಫಿ ಕೊಟ್ಟರೆ ಕುಡಿ. ಜನ ಒಳ್ಳೆಯವರಾಗಲು ತಡವಾಯಿತು, ಅಷ್ಟೇ.

ನನ್ನನ್ನು ಬೇರೆ ಕಟ್ಟಡಕ್ಕೆ ಹಾಕಿದ್ದಾರೆ. ವಿಳಾಸ ಹಿಂದೆ ಬರೆದಿದ್ದೇನೆ. ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತದೆ. ಎಲ್ಲ ಚೆನ್ನಾಗಿದೆ.

ಸೈಮಿ


ಕುರ್ಕಿಲಾ
ಅಕ್ಟೋಬರ್ 1, 2006

ಸೈಮಿ ಅಜ್ಜಿಗೆ,

ನಾನು ಬಸುರಿಯಲ್ಲ. ರೇಯೊ ಗಟ್ಟಿಮುಟ್ಟಾಗಿದ್ದಾನೆ. ಉಣ್ಣೆ ದಾರ ತರಿಸಬೇಡಿ.

ಇರ್ಮಾ ನನಗೆ ಬಿಸಿ ಬನ್ನು ಕೊಡುವುದು ಯಾಕೆಂದರೆ, ನಿಮ್ಮ ಜಾಗ ಈಗ ಕುರ್ಕಿಲಾದ ಎಲ್ಲರಿಗೂ ಗೊತ್ತು. ಗೊತ್ತು ಮಾಡಿಸಿದವಳು ನಾನು.

ಒಂದೇ ಸಲಕ್ಕೆ ಹೇಳಿಬಿಡುತ್ತೇನೆ, ನಿಲ್ಲಿಸಿದರೆ ಮತ್ತೆ ಬರೆಯಲಾರೆ. ನಿಮ್ಮ ಜುಲೈ ತಿಂಗಳ ಕಾಗದ ಬಂದಾಗ, ನಾನು ಕರಡಿಗೆ ಹೆದರಿದ್ದೇನೆ ಎಂದು ನೀವು ತಿಳಿದದ್ದು ಕಂಡಿತು. ನಾನು ಕೇಳಿದ್ದು ಅದಲ್ಲ. ಬಿಡಿಸಿ ಕೇಳುವ ಧೈರ್ಯವಿರಲಿಲ್ಲ, ಬೇಡ ಎಂದುಬಿಡುತ್ತೀರಿ ಎಂದು. ನೀವು ಬೇಡ ಎನ್ನಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಾರನೆಯ ದಿನ ಚಿಕ್ಕಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟೆ.

ಜಲ್ಲಿ ಗುಂಡಿಯ ಹತ್ತಿರವೇ ನಿಲ್ಲಿಸಿದೆ. ಚಿಕ್ಕಮ್ಮ ಕಾಡಿನೊಳಗೆ ಸ್ವಲ್ಪ ನಡೆದು ಮರದ ಬೇರಿನ ಮೇಲೆ ಕೂತುಬಿಟ್ಟರು. ಅವರ ಮಂಡಿ ತೆಂಗಿನಕಾಯಿಯಂತೆ ಊದಿತ್ತು. "ನೀವು ಹೋಗಿ, ನಾನು ಇಲ್ಲೇ ಕೂತು ಕಾಗೆ ಎಣಿಸ್ತೀನಿ" ಎಂದರು. ನಮ್ಮನ್ನು ಸಾಕಿದ ಮಂಡಿ ಅದು. ಹಿಂದಿರುಗಿ ವ್ಯಾನು ತೆಗೆದು ಸುತ್ತುಹಾದಿಯಲ್ಲಿ ಜೌಗಿನ ಅಂಚಿನ ತನಕ ಓಡಿಸಿದೆ. ರೇಯೊನ ನೀಲಿ ವ್ಯಾನು. ಅದು ಯಾರದ್ದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಇಡೀ ದಿನ ಅದು ರಸ್ತೆಗೆ ಕಾಣುವಂತೆ ಅಲ್ಲೇ ನಿಂತಿತ್ತು.

ಹಣ್ಣು ಕಂಡು ಚಿಕ್ಕಮ್ಮ ಮಂಡಿ ಮರೆತರು. ಅಜ್ಜಿ, ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ನನ್ನ ಮನೆಯಲ್ಲಿ ನನ್ನ ಹೆಸರು ಮೈನಾ. ಬಾಯಿ ಮುಚ್ಚದವಳೆಂದು ಅಪ್ಪ ಇಟ್ಟ ಅಡ್ಡಹೆಸರು. ನಾನು ಕಲ್ಲಲ್ಲ. ನಿಮ್ಮ ಭಾಷೆಯಲ್ಲಿ ನನಗೆ ಮಾತು ಬರುವುದಿಲ್ಲ, ಬಂದಷ್ಟನ್ನು ಆಡಲು ನಾಚಿಕೆ, ಅಷ್ಟೇ. ಅವತ್ತು ಜೌಗಿನಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಮಾತಾಡಿದೆ. ಹಾಡಿದೆ. ಬೂಟು ಕೆಸರಲ್ಲಿ ಸಿಕ್ಕಿಕೊಂಡು ನಾನು ಹಿಂದಕ್ಕೆ ಬಿದ್ದಾಗ ಚಿಕ್ಕಮ್ಮ, "ಏಳೇ ಮೈನಾ, ಈ ದೇಶದ ಎಮ್ಮೆ ಆಗ್ಬಿಟ್ಟಿದೀಯಲ್ಲೇ, ಕೆಸರು ಕಂಡಲ್ಲಿ ಮಲಗ್ತೀಯ" ಎಂದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ನಮ್ಮ ಸದ್ದು ರಸ್ತೆಯ ತನಕ ಕೇಳಿರುತ್ತದೆ. ಈ ದೇಶಕ್ಕೆ ಬಂದ ಮೇಲೆ ನಾನು ಅಷ್ಟು ಸುಖವಾಗಿದ್ದ ದಿನ ಇನ್ನೊಂದಿಲ್ಲ. ಆ ದಿನವನ್ನು ನಿಮ್ಮದನ್ನು ಕದ್ದು ಪಡೆದೆ.

ನಿಮ್ಮ ಬಕೆಟ್ಟನ್ನು ಮೊದಲು ತುಂಬಬೇಕಿತ್ತು. ನಾಳೆ ಒಬ್ಬಳೇ ಬಂದು ನಿಧಾನವಾಗಿ, ಒಳ್ಳೆಯದನ್ನೇ ಆರಿಸಿ ತುಂಬುತ್ತೇನೆ ಎಂದುಕೊಂಡೆ. ಅವರು ಕಿತ್ತದ್ದನ್ನೆಲ್ಲ ಸಂಜೆಯೇ ಹಣ್ಣಿನ ವ್ಯಾಪಾರಿ ಒಯ್ದ. ಮಾರನೆಯ ಬೆಳಿಗ್ಗೆ ಹೋದಾಗ ಜೌಗಿನಲ್ಲಿ ಇರ್ಮಾ, ಅವಳ ಗಂಡ, ಪೆರ್ತಿ, ಅಂಗಡಿಯವರು, ಎಲ್ಲರೂ ಇದ್ದರು. ಕೆಂಪಗಿದ್ದದ್ದನ್ನೂ ಬಿಟ್ಟಿರಲಿಲ್ಲ. ಇರ್ಮಾ ನನ್ನನ್ನು ಕಂಡು, "ಬಾ ಬಾ! ಆ ಮುದುಕಿ ನಲವತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಲು, ನೀನು ಬಂದು ಒಂದೇ ದಿನಕ್ಕೆ ತೆಗೆದ್ಯಲ್ಲೇ!" ಎಂದಳು. ಎಲ್ಲರೂ ನಕ್ಕರು. ಅವರು ನನ್ನನ್ನು ನೋಡಿ ನಗುತ್ತಿದ್ದದ್ದು ಅದೇ ಮೊದಲು. ನಾನೂ ನಕ್ಕೆ. ಅಜ್ಜಿ, ನಾನೂ ನಕ್ಕೆ.

ನಿಮಗೆ ಕಳಿಸಿದ ಬಕೆಟ್ ವ್ಯಾಪಾರಿಯ ಹತ್ತಿರ ಕೊಂಡದ್ದು. ಯಾವ ಜೌಗಿನದೋ ಏನೋ. ನೀವು ಅತ್ತಿರಿ ಎಂದು ಓದಿದಾಗ ಹೇಳಬೇಕಿತ್ತು. ಹೇಳದೆ ಇರ್ಮಾ ಮನೆಗೆ ಕಾಫಿಗೆ ಹೋದೆ.

ನಮ್ಮ ಅಮ್ಮ ಇರುವೆಮೊಟ್ಟೆಯ ಗೂಡು ಕಂಡರೆ ಓಣಿಯವರನ್ನೆಲ್ಲ ಕೂಗಿ ಕರೆಯುತ್ತಿದ್ದಳು, ಮುಚ್ಚಿಟ್ಟು ತಿಂದದ್ದು ಮೈಗೆ ಹತ್ತುವುದಿಲ್ಲ ಎನ್ನುತ್ತಿದ್ದಳು. ಆ ಮಾತನ್ನು ನನ್ನ ಸಮಾಧಾನಕ್ಕೆ ಎಷ್ಟೋ ಸಲ ಹೇಳಿಕೊಂಡೆ. ಆದರೆ ಅವಳು ಕರೆಯುತ್ತಿದ್ದದ್ದು ತಾನು ಕಂಡ ಗೂಡಿಗೆ. ಇದು ನಾನು ಕಂಡದ್ದಲ್ಲ. ನೀವು ಕೊಟ್ಟದ್ದು.

ಬೀಗದ ಕೈಯನ್ನು ಯಾರಿಗೆ ಕೊಡಬೇಕು ಹೇಳಿ. ಕೊಡುತ್ತೇನೆ.

ಚಂಪಿ


ಕುರ್ಕಿಲಾ
ಅಕ್ಟೋಬರ್ 22, 2006

ಸೈಮಿ ಅಜ್ಜಿಗೆ,

ಕಾಗದ ಬಂದಿಲ್ಲ. ದಿನವೂ ಅಂಚೆ ಡಬ್ಬಿ ನೋಡುತ್ತೇನೆ. ನೀವು ಬರೆಯುವುದಿಲ್ಲ ಎಂದರೂ ನನಗೆ ಅರ್ಥವಾಗುತ್ತದೆ. ಬಯ್ದು ಬರೆದರೆ ಇನ್ನೂ ಒಳ್ಳೆಯದು.

ಹಿಮ ಬಿದ್ದಿದೆ. ನಿಮ್ಮ ಅಂಗಳವನ್ನು ಗುಡಿಸಿದ್ದೇನೆ. ನೀವು ಚಳಿಗೆ ಬರುತ್ತೇನೆ ಎಂದಿದ್ದಿರಿ. ಬರದೇ ಇರುವುದು ನನ್ನ ಮುಖ ನೋಡಬಾರದೆಂದೇ?

ಚಂಪಿ


ರೊವಾನಿಯೆಮಿ
ನವೆಂಬರ್ 4, 2006

ಚಂಪಿ,

ಬರೆಯದೇ ಇದ್ದದ್ದಕ್ಕೆ ಎರಡು ಕಾರಣ. ಒಂದು ಸಿಟ್ಟು. ಇನ್ನೊಂದು ಬಲಗೈ. ಸೆಪ್ಟೆಂಬರ್ ಕೊನೆಯಲ್ಲಿ ತಲೆಯೊಳಗೆ ಏನೋ ಸಣ್ಣದಾಗಿ ಒಡೆಯಿತಂತೆ, ಕೈ ಬೀಳುತ್ತದೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ನಾಲ್ಕು ಸಾಲು.

ನಾನು ಮನೆಗೆ ಬರುವುದಿಲ್ಲ. ಆಗಸ್ಟಿನಲ್ಲೇ ಹೇಳಿದ್ದರು. ಈಗಿರುವ ಕಟ್ಟಡ ಆಸ್ಪತ್ರೆಯಲ್ಲ, ವಾಪಸು ಹೋಗದವರನ್ನು ಇಡುವ ಮನೆ. ನಿನಗೆ ಹೇಳಲಿಲ್ಲ. ಹೇಳಿದರೆ ಹೂಗಿಡಗಳನ್ನು ಪೆರ್ತಿಗೆ ಒಪ್ಪಿಸುತ್ತೀಯೆಂದು. ಇಲ್ಲ, ಅದು ಸುಳ್ಳು. ಹೇಳಿದರೆ ನಿಜವಾಗಿಬಿಡುತ್ತದೆಂದು. ಆದ್ದರಿಂದ ನಾನು ಬರದೇ ಇರುವುದಕ್ಕೂ ನಿನ್ನ ಮುಖಕ್ಕೂ ಸಂಬಂಧವಿಲ್ಲ. ಅಷ್ಟು ದೊಡ್ಡ ಮುಖವಲ್ಲ ನಿನ್ನದು.

ಈಗ ಸಿಟ್ಟಿನ ಮಾತು. ವ್ಯಾನು ನಿಲ್ಲಿಸಿದ್ದಕ್ಕೆ ಸಿಟ್ಟಿದೆ. ನಕ್ಕದ್ದಕ್ಕೆ ಇನ್ನೂ ಹೆಚ್ಚು. ಆದರೆ ಎಲ್ಲಕ್ಕಿಂತ ದೊಡ್ಡ ಸಿಟ್ಟು ಏನು ಗೊತ್ತೇ? ನನಗೆ ಗೊತ್ತಾಗಲಿಲ್ಲ. ಆ ಬಕೆಟ್ ಯಾವುದೋ ಜೌಗಿನದು, ನಾನು ಅದನ್ನು ಬಾಯಿಗಿಟ್ಟುಕೊಂಡು ಅತ್ತೆ. ಕಣ್ಣು ಕಟ್ಟಿದರೂ ಹೇಳುತ್ತೇನೆ ಎಂದು ವಾರ್ಡಿನವರೆದುರು ಜಂಬ ಹೊಡೆದೆ. ನಲವತ್ತು ವರ್ಷ ಗಾಳ ಹಿಡಿದು, ಬಳಸುಹಾದಿ ತುಳಿದು, ಗಂಡನಿಗೂ ಮುಚ್ಚಿಟ್ಟು ಕಾಯ್ದದ್ದು ಏನನ್ನು? ಎಲ್ಲ ಕಡೆ ಬೆಳೆಯುವ ಹಣ್ಣನ್ನೇ. ಇದನ್ನು ತಿಳಿಯದೆ ಸಾಯುತ್ತಿದ್ದೆ, ನೆಮ್ಮದಿಯಾಗಿ. ಆ ನೆಮ್ಮದಿಯನ್ನೂ ನಿನ್ನ ಕಾಗದ ಕಿತ್ತುಕೊಂಡಿತು.

ನಿನ್ನ ಚಿಕ್ಕಮ್ಮನ ಮಂಡಿಯ ಮೇಲೆ ನನಗೆ ಸಿಟ್ಟಿಲ್ಲ. ನೀನು ಬಿಡಿಸಿ ಕೇಳಿದ್ದರೆ ಬೇಡ ಎಂದೇ ಹೇಳುತ್ತಿದ್ದೆ. ಅದನ್ನೂ ಯೋಚಿಸಿದೆ. ಅದರ ಬಗ್ಗೆ ನನಗೆ ಹೆಮ್ಮೆಯೇನಿಲ್ಲ.

ಇನ್ನೊಂದು. ನಿನ್ನನ್ನು ಮೂಕಿ ಎಂದುಕೊಂಡು ಜಾಗ ಕೊಟ್ಟೆ. ಆರು ವರ್ಷ ನನ್ನ ಅಡುಗೆಮನೆಯಲ್ಲಿ ಕೂತವಳು ಯಾರೆಂದು ನಾನು ಒಂದು ಸಲವೂ ಕೇಳಲಿಲ್ಲ. ಸುಮ್ಮನಿದ್ದೀಯ, ಸಾಕು ಎಂದುಕೊಂಡೆ. ಅದು ನನ್ನ ದಡ್ಡತನ. ಇದರಿಂದ ನಿನ್ನ ಪಾಲು ಕಡಿಮೆಯಾಗುವುದಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಎಡಗೈಗೆ ಬರುತ್ತಿಲ್ಲ. ಬೀಗದ ಕೈ ನಿನ್ನ ಕೊರಳಲ್ಲೇ ಇರಲಿ. ಬರುವುದಾದರೆ ಬಾ. ಭಾನುವಾರ ಮಧ್ಯಾಹ್ನ ಕಾಫಿ ಕೊಡುತ್ತಾರೆ, ನೀರಿನ ಹಾಗಿರುತ್ತದೆ. ಬಂದು ಮೂಕಿಯ ಹಾಗೆ ಕೂರಬೇಡ. ಫಿನ್ನಿಶ್ ಬಾರದಿದ್ದರೆ ನಿನ್ನ ಭಾಷೆಯಲ್ಲಿ ಮಾತಾಡು. ನನಗೆ ಅರ್ಥವಾಗದಿದ್ದರೂ ಸರಿ. ಯಾರಿಗೆ ಕೊಟ್ಟೆನೆಂದು ಒಮ್ಮೆ ಕೇಳಬೇಕು.

ಇಡೀ ಕುರ್ಕಿಲಾ ನನ್ನ ಜಾಗದ ಹಣ್ಣು ತಿಂದಿತು. ಈ ವರ್ಷ ನನ್ನ ಬಾಯಿಗೆ ಮಾತ್ರ ಒಂದೂ ಬರಲಿಲ್ಲ.

ಸೈಮಿ


ಕುರ್ಕಿಲಾ
ನವೆಂಬರ್ 11, 2006

ಸೈಮಿ ಅಜ್ಜಿಗೆ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಕೈಗೆ ಕೊಡುತ್ತೇನೆ. ಎದುರು ಬಂದಾಗ ಯಾವ ಭಾಷೆಯಲ್ಲೂ ಬಾಯಿ ಬಾರದೇ ಹೋಗಬಹುದು, ಅದಕ್ಕೆ. ರೇಯೊ ಕಾರಿನಲ್ಲಿ ಬಿಡುತ್ತೇನೆ ಎಂದಿದ್ದಾನೆ. ನಿಮ್ಮ ಕಾಗದವನ್ನು ಅವನಿಗೆ ಓದಿ, ನಾನು ನಿಮಗೆ ಬರೆದದ್ದನ್ನೂ ಹೇಳಿದೆ. ಆಮೇಲೆ, "ನಿನ್ನ ಹೆಸರು ಮೈನಾ ಅಂತ ನಂಗೂ ಗೊತ್ತಿರ್ಲಿಲ್ಲ" ಎಂದ. ನಾನು ಒಲೆಯ ಕಡೆ ತಿರುಗಿಕೊಂಡೆ.

ನಿಮ್ಮ ಕಾಗದದ ಕೊನೆಯ ಸಾಲನ್ನು ಓದಿದ ಮೇಲೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಬರಬೇಕೆಂದು ನಾನು ಕೇಳುವುದೂ ಇಲ್ಲ. ನಾಳೆ ನೀವು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ. ಏನೂ ಅನ್ನದಿದ್ದರೆ ಅದನ್ನೂ.

ಇವತ್ತು ಬೆಳಿಗ್ಗೆ ಇರ್ಮಾ ಮನೆಗೆ ಹೋದೆ. ಕರೆದಿರಲಿಲ್ಲ, ನಾನಾಗಿಯೇ ಹೋದೆ. ಬಾಗಿಲು ತೆಗೆದು, "ಒಳ್ಳೇ ಹೊತ್ತಿಗೆ ಬಂದೆ ಕಣೇ, ಈಗ ತಾನೇ ಕಾಫಿ ಇಳಿಸ್ದೆ" ಎಂದಳು. "ಕಾಫಿ ಬೇಡ" ಎಂದೆ. ಹೊಸಿಲಿನ ಮೇಲೆಯೇ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತನ್ನು ಹೇಳಿದೆ. "ನಿಮ್ಮ ನೆಲಮಾಳಿಗೆಯಲ್ಲಿರೋ ಹಿಲ್ಲಾ ಸೈಮಿ ಅಜ್ಜೀದು. ಅವರು ಈ ವರ್ಷ ಒಂದೂ ತಿಂದಿಲ್ಲ. ಅವರ ಪಾಲು ಕೊಡಿ."

ಇರ್ಮಾಳ ಮುಖ ಕೆಂಪಾಯಿತು. ಒಳಗಿನಿಂದ ಅವಳ ಗಂಡ, "ಯಾರೇ ಅದು?" ಎಂದು ಕೂಗಿದ. "ಯಾರೂ ಇಲ್ಲ" ಎಂದು ಹೇಳಿ ನೆಲಮಾಳಿಗೆಗೆ ಇಳಿದಳು. ತುಂಬ ಹೊತ್ತು ಬರಲಿಲ್ಲ. ಎರಡು ಬಾಟಲಿಗಳನ್ನು ಎದೆಗೆ ಒತ್ತಿಕೊಂಡು ಬಂದಳು. ನನ್ನ ಕೈಗೆ ಕೊಡುವಾಗ, "ನಾನು ಕೊಟ್ಟೆ ಅಂತ ಸೈಮಿಗೆ ಹೇಳ್ಬೇಡ" ಎಂದಳು.

"ಹೇಳ್ತೀನಿ" ಎಂದೆ.

ಮನೆಗೆ ಬಂದು ಬಾಟಲಿಗಳ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುಗಿಸಿ ನೋಡಿ, ಒಂದೊಂದನ್ನೂ ಟವೆಲಿನಲ್ಲಿ ಸುತ್ತಿ ಚೀಲದೊಳಗೆ ನೆಟ್ಟಗೆ ನಿಲ್ಲಿಸಿದೆ.

ಚಂಪಿ